ಮಿನೆಸೋಟಾದಲ್ಲಿ ಇನ್ಸುಲಿನ್ ಮುಗಿಯುತ್ತಾ ಬಂದರೆ ಏನು ಮಾಡಬೇಕು

ಕೊನೆಯ ಇನ್ಸುಲಿನ್ ಪೆನ್ ಖಾಲಿಯಾಗುವವರೆಗೆ ಕಾಯಬೇಡಿ. ಏಳು ದಿನಕ್ಕೂ ಸಾಲದಷ್ಟು ಇನ್ಸುಲಿನ್ ಉಳಿದಿದ್ದು, ಕೊಳ್ಳಲು ದುಡ್ಡಿಲ್ಲದಿದ್ದರೆ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಅದಕ್ಕೇ ಅಂತ ಕಾನೂನಿದೆ. ನನ್ನ ಮಗನಿಗೆ ಟೈಪ್ 1 ಮಧುಮೇಹ. 26 ತುಂಬಿ ನಮ್ಮ ಇನ್ಶೂರೆನ್ಸ್‌ನಿಂದ ಅವನ ಹೆಸರು ಹೋದಾಗ ನಾವು ಹಿಡಿದ ದಾರಿ ಇದು.

ಮಿನೆಸೋಟಾ ಫಾರ್ಮಸಿ ಬೋರ್ಡಿನ ವೆಬ್‌ಸೈಟಿನಲ್ಲಿ ಈ ಕಾನೂನಿನ ‘ಅರ್ಜೆಂಟ್ ನೀಡ್ ಪ್ರೋಗ್ರಾಂ’ಗೆ (ತುರ್ತು ಅಗತ್ಯದ ಯೋಜನೆ) ಅರ್ಜಿ ಸಿಗುತ್ತದೆ. ಅದನ್ನು ತುಂಬಿ, ಡಾಕ್ಟರ ಪ್ರಿಸ್ಕ್ರಿಪ್ಷನ್ ಮತ್ತು ರಾಜ್ಯದ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ಜೊತೆ ಫಾರ್ಮಸಿಗೆ ಹೋಗಿ. 30 ದಿನದ ಇನ್ಸುಲಿನ್ ಕೊಡುತ್ತಾರೆ. 35 ಡಾಲರ್‌ಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಇದು ಸಾಮಾನ್ಯವಾಗಿ 12 ತಿಂಗಳಿಗೆ ಒಂದೇ ಸಲ.

ಕೌಂಟರಿನಲ್ಲಿ ಸುಮ್ನೆ ‘ಇನ್ಸುಲಿನ್ ಬೇಕು’ ಅನ್ನಬೇಡಿ. ನಾವು ಹೋದಾಗ ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಪೂರ್ತಿ ಬೆಲೆ ಹೇಳಿದಳು. ಮಗನ ಮುಖ ಸಣ್ಣದಾಯಿತು. ‘ಅರ್ಜೆಂಟ್ ನೀಡ್ ಪ್ರೋಗ್ರಾಂ’ ಅಂತ ಹೆಸರು ಹಿಡಿದು ಹೇಳಿ ಅರ್ಜಿ ಮುಂದಿಟ್ಟ ಮೇಲೆ ಫಾರ್ಮಸಿಸ್ಟೇ ಬಂದರು, ಕೆಲಸ ಆಯಿತು.

ಮೆಡಿಕಲ್ ಅಸಿಸ್ಟೆನ್ಸ್ ಅಥವಾ ಮಿನೆಸೋಟಾಕೇರ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಇರುವವರಿಗೆ ಇದು ಸಿಗುವುದಿಲ್ಲ. ತಿಂಗಳಿಗೆ 75 ಡಾಲರ್ ಒಳಗೇ ಔಷಧಿ ಸಿಗುವ ಇನ್ಶೂರೆನ್ಸ್ ಇದ್ದವರಿಗೂ ಇಲ್ಲ.

30 ದಿನ ನೋಡನೋಡುತ್ತಲೇ ಕಳೆಯುತ್ತದೆ. ಆ ವಾರವೇ ಎರಡನೇ ಅರ್ಜಿ ಹಾಕಿ, ಇನ್ಸುಲಿನ್ ತಯಾರಿಸುವ ಕಂಪನಿಗೆ. ಇದಕ್ಕೆ ಆದಾಯದ ಮಿತಿ ಇದೆ. ಒಪ್ಪಿದರೆ ಒಂದು ವರ್ಷದವರೆಗೆ ಇನ್ಸುಲಿನ್ ಸಿಗುತ್ತದೆ, 90 ದಿನದ್ದಕ್ಕೆ 50 ಡಾಲರ್ ಮೀರುವಂತಿಲ್ಲ. ಕಾಗದಪತ್ರ ತಲೆನೋವು ಅನ್ನಿಸಿದರೆ ರಾಜ್ಯದ ಆರೋಗ್ಯ ವಿಮೆ ಮಾರುಕಟ್ಟೆಯಾದ ಎಂಎನ್‌ಶೂರ್‌ನ ನ್ಯಾವಿಗೇಟರ್‌ಗಳನ್ನು, ಅಂದರೆ ಅರ್ಜಿ ತುಂಬಲು ನೆರವಾಗುವವರನ್ನು, ಕೇಳಿ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಕೇಳುವುದಕ್ಕೆ ಸಂಕೋಚ ಬೇಡ. ಈ ಕಾನೂನಿಗೆ ಅಲೆಕ್ ಸ್ಮಿತ್ ಎಂಬ ಮಿನಿಯಾಪೊಲಿಸ್ ಹುಡುಗನ ಹೆಸರಿದೆ. ಅವನಿಗೂ 26 ಆಗಿ ಅಮ್ಮನ ಇನ್ಶೂರೆನ್ಸ್ ತಪ್ಪಿತ್ತು. ತಿಂಗಳಿಗೆ ಸುಮಾರು 1,300 ಡಾಲರ್ ಹೊಂದಿಸಲಾಗದೆ ಇನ್ಸುಲಿನ್ ಉಳಿಸಿ ಉಳಿಸಿ ಚುಚ್ಚಿಕೊಂಡ. ಒಂದು ತಿಂಗಳೊಳಗೆ, 2017ರ ಜೂನ್‌ನಲ್ಲಿ, ತೀರಿಕೊಂಡ. ಅವನ ತಾಯಿ ನಿಕೋಲ್ ಸ್ಮಿತ್-ಹೋಲ್ಟ್ ಪಟ್ಟು ಬಿಡದೆ ಹೋರಾಡಿದರು. 2020ರ ಜುಲೈ 1ರಿಂದ ಕಾನೂನು ಜಾರಿಗೆ ಬಂತು. ನನ್ನ ಮಗನ ಫ್ರಿಜ್‌ನಲ್ಲಿ ಇವತ್ತು ಪೆನ್‌ಗಳಿದ್ದರೆ ಅದು ಆ ತಾಯಿಯಿಂದ.

ಅದಕ್ಕೇ ಹೇಳುತ್ತಿದ್ದೇನೆ, ಡೋಸ್ ಕಡಿಮೆ ಮಾಡಿಕೊಂಡು ದಿನ ದೂಡಬೇಡಿ. ವಾಂತಿ, ಏದುಸಿರು, ಉಸಿರಲ್ಲಿ ಹಣ್ಣಿನಂಥ ವಾಸನೆ ಕಂಡರೆ ಅರ್ಜಿಗಿರ್ಜಿ ಎಲ್ಲ ಆಮೇಲೆ. ಮೊದಲು 911ಕ್ಕೆ ಫೋನ್ ಮಾಡಿ.