ಜೋಳದ ನುಚ್ಚಿನಿಂದ ಟ್ರೈಕೋಕಾರ್ಡ್‌ವರೆಗೆ: ಕಣಜ ಸಾಕುವುದು ಹೇಗೆ?

ಕಬ್ಬಿನ ಸುಳಿ ಕೊರಕ ಒಮ್ಮೆ ಒಳಗೆ ಹೊಕ್ಕಿತೆಂದರೆ ಯಾವ ಔಷಧಿ ಹೊಡೆದರೂ ತಾಗುವುದು ಕಷ್ಟ. ಮೊಟ್ಟೆಯಲ್ಲೇ ಮುಗಿಸಬೇಕು. ಆ ಕೆಲಸಕ್ಕೆ ಟ್ರೈಕೋಗ್ರಾಮ ಕಿಲೋನಿಸ್ ಎಂಬ ಕಣಜ ಇದೆ, ಉದ್ದ ಬರೀ ಅರ್ಧ ಮಿಲಿಮೀಟರ್. ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿದ್ದದ್ದನ್ನೆಲ್ಲ ತಿಂದು, ಕಣಜವಾಗಿ ಹೊರಗೆ ಬರುತ್ತದೆ.

ಚೀನಾದಲ್ಲಿ ಪ್ಲಾಸ್ಟಿಕ್ ಹಾಳೆಯ ಪುಟ್ಟ ಗುಳಿಗಳಿಗೆ ರೇಷ್ಮೆ ಪತಂಗದ ಕೋಶದ ರಸ, ಕೋಳಿ ಮೊಟ್ಟೆಯ ಹಳದಿ, ಹಾಲು ಬೆರೆಸಿ ತುಂಬಿ, ಕೃತಕ ಮೊಟ್ಟೆಯಲ್ಲೇ ಈ ಜಾತಿಯ ಕಣಜ ಬೆಳೆಸಿದ್ದಾರೆ. ನಮ್ಮಲ್ಲಿ ರೂಢಿಯಲ್ಲಿರುವ ದಾರಿ ಬೇರೆ. ಅಕ್ಕಿ ಪತಂಗ ಸಾಕಿ ಅದರ ಮೊಟ್ಟೆಯನ್ನು ಕಾರ್ಡಿಗೆ ಅಂಟಿಸಿ ಕಣಜಕ್ಕೆ ಕೊಡುತ್ತೇವೆ (ಅದೇ ಟ್ರೈಕೋಕಾರ್ಡ್), ಪತಂಗದ ಆಹಾರವನ್ನು ಮಾತ್ರ ನಾವೇ ಕಲಸುತ್ತೇವೆ. ನನ್ನ ಕೇಳಿದರೆ ಮುಕ್ಕಾಲು ಕೆಲಸ ಆ ಆಹಾರದ ಡಬ್ಬಿಯಲ್ಲೇ ಇದೆ.

ಒಂದು ಡಬ್ಬಿಗೆ ಎರಡೂವರೆ ಕಿಲೋ ಜೋಳ ಅಥವಾ ಸಜ್ಜೆಯ ನುಚ್ಚು ತೆಗೆದುಕೊಳ್ಳಿ. ಅದರಲ್ಲಿ ಮೊದಲೇ ಇರುವ ಹುಳ ಸಾಯುವಂತೆ ಚೆನ್ನಾಗಿ ಬಿಸಿ ಮಾಡಿ, ಪೂರ್ತಿ ಆರಿಸಿ. ಆಮೇಲೆ 100 ಗ್ರಾಂ ಶೇಂಗಾ ಪುಡಿ, 5 ಗ್ರಾಂ ಯೀಸ್ಟ್, ನುಸಿ ಬಾರದಂತೆ 5 ಗ್ರಾಂ ಗಂಧಕ, ಸ್ವಲ್ಪ ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ದ್ರಾವಣ ಸೇರಿಸಿ. ಮೇಲೆ ಅರ್ಧ ಸಿಸಿ ಪತಂಗದ ಮೊಟ್ಟೆ ಉದುರಿಸಿ, ಬಟ್ಟೆ ಕಟ್ಟಿ ಇಡಿ. ಹುಳ ಬೆಳೆದಂತೆ ನುಚ್ಚು ಬಲೆಬಲೆಯಾಗಿ ಅಂಟಿಕೊಳ್ಳುತ್ತದೆ, ಗಾಬರಿ ಬೇಡ. ಸುಮಾರು 40 ದಿನಕ್ಕೆ ಪತಂಗ ಏಳಲು ಶುರು.

ಇಲ್ಲಿ ಒಂದು ಎಚ್ಚರ. ಬ್ರಾಕಾನ್ ಎಂಬ ಇನ್ನೊಂದು ಕಣಜ ತೋಟದಲ್ಲಿ ರೈತನ ಗೆಳೆಯ, ಆದರೆ ಈ ಕೋಣೆಗೆ ನುಗ್ಗಿದರೆ ಡಬ್ಬಿಯೊಳಗಿನ ಹುಳಗಳನ್ನೇ ಕುಟುಕಿ ಮಲಗಿಸಿಬಿಡುತ್ತದೆ, ಹಾಗಾಗಿ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು, ಎರಡನ್ನೂ ಒಂದೇ ಕಡೆ ಸಾಕಲೇಬಾರದು.

ಪತಂಗಗಳನ್ನು ತಳಕ್ಕೆ ಜಾಲರಿ ಇರುವ ಡ್ರಮ್ಮಿಗೆ ಬಿಟ್ಟು, ಜೇನು ಬೆರೆಸಿದ ನೀರು ಹತ್ತಿಯಲ್ಲಿ ಅದ್ದಿ ಕೊಡಿ. ಮೊಟ್ಟೆ ಕೆಳಗಿನ ತಟ್ಟೆಗೆ ಬೀಳುತ್ತವೆ. ಜತೆಗೆ ರೆಕ್ಕೆಯ ಪುಡಿಯೂ ಬೀಳುತ್ತದೆ, ಅದು ಎದೆಗೆ ಹೋದರೆ ಕೆಮ್ಮು, ದಮ್ಮು. ಮಾಸ್ಕ್ ಹಾಕಿಕೊಂಡೇ ಜರಡಿ ಹಿಡಿಯಿರಿ.

ಕಾರ್ಡಿಗೆ ತೆಳ್ಳಗೆ ಗೋಂದು ಸವರಿ, ಮೊಟ್ಟೆಯನ್ನು ಒಂದೇ ಪದರವಾಗಿ ಉದುರಿಸಿ. ಒಣಗಿದ ಮೇಲೆ, ಒಳಗಿನ ಪತಂಗದ ಮರಿ ಸಾಯುವಂತೆ ಯುವಿ (ಅತಿನೇರಳೆ) ದೀಪದ ಕೆಳಗಿಡಿ. ಇದನ್ನು ಬಿಟ್ಟರೆ ಮೊಟ್ಟೆ ಒಡೆದು ಪತಂಗದ ಮರಿಗಳು ಹೊರಬಂದು ಪಕ್ಕದ ಮೊಟ್ಟೆಗಳನ್ನೂ ತಿನ್ನುತ್ತವೆ, ಪಟ್ಟ ಶ್ರಮವೆಲ್ಲ ಹಾಳು. ದೀಪ ಉರಿಯುವಾಗ ಅತ್ತ ನೋಡಬೇಡಿ, ಕಣ್ಣಿಗೆ ಅಪಾಯ.

ಈಗ ಪಾಲಿಥೀನ್ ಚೀಲದಲ್ಲಿ ಇಂಥ ಆರು ಕಾರ್ಡಿಗೆ ಕಣಜ ಏಳಲಿರುವ ಒಂದು ಕಾರ್ಡು ಸೇರಿಸಿ ಬಾಯಿ ಕಟ್ಟಿ. ಮೂರ್ನಾಲ್ಕು ದಿನಕ್ಕೆ ಬಿಳಿ ಮೊಟ್ಟೆ ಕಪ್ಪಾದರೆ ಗೆದ್ದಂತೆ! ಏಳೆಂಟು ದಿನಕ್ಕೆ ಕಣಜ ಏಳುತ್ತವೆ. ತಕ್ಷಣ ಬೇಡವಾದರೆ ಕಪ್ಪಾದ ಕಾರ್ಡನ್ನು 10 ಡಿಗ್ರಿಯಲ್ಲಿ ಕೆಲವು ದಿನ ಇಡಬಹುದು. ಮೊದಲ ಕಣಜದ ಕಾರ್ಡಿಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ವಿಚಾರಿಸಿ.

ಹೊಲಕ್ಕೆ ಹೆಕ್ಟೇರಿಗೆ ಸಲಕ್ಕೆ 50,000 ಕಣಜ ಲೆಕ್ಕ. ನಾಟಿಯಾಗಿ ತಿಂಗಳಾದ ಮೇಲೆ, ಹತ್ತು ದಿನಕ್ಕೊಮ್ಮೆ. ಕಾರ್ಡನ್ನು ಪಟ್ಟಿಯಾಗಿ ಕತ್ತರಿಸಿ, ಸಂಜೆ ಹೊತ್ತು ಎಲೆಯ ಅಡಿಗೆ ಕಟ್ಟಿ. ಆಗ ಕೀಟನಾಶಕ ಹೊಡೆದರೆ ಕಣಜವೂ ಸತ್ತು ಸುಮ್ನೆ ದುಡ್ಡು ದಂಡ. ಎರಡು ದಿನ ಬಿಟ್ಟು ಭೂತಗನ್ನಡಿಯಲ್ಲಿ ಪಟ್ಟಿ ನೋಡಿ. ಕಪ್ಪು ಮೊಟ್ಟೆಗಳಲ್ಲಿ ದುಂಡಗಿನ ತೂತು ಕಂಡರೆ ಕಣಜ ಹೊರಗೆ ಹೋಗಿವೆ. ಮೊಟ್ಟೆಗಳೇ ಮಾಯವಾಗಿದ್ದರೆ ಇರುವೆ ಹೊತ್ತೊಯ್ದಿರಬಹುದು, ಕೂಡಲೇ ಬೇರೆ ಪಟ್ಟಿ ಕಟ್ಟಿ.