ಮಾತ್ರೆ ಡಬ್ಬಿಯಿಂದ ಶುರು: ವೃದ್ಧಾಶ್ರಮದಲ್ಲಿ ಫಾರ್ಮ್‌ಡಿ ವಿದ್ಯಾರ್ಥಿಗಳ ತರಬೇತಿ

ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ ಪದವಿ) ಐದನೇ ವರ್ಷಕ್ಕೆ ಬರುವ ಹೊತ್ತಿಗೆ ಹುಡುಗರು ವಾರ್ಡ್ ರೌಂಡ್ಸ್‌ಗೆ ಪಳಗಿರುತ್ತಾರೆ. ಕೇಸ್ ಶೀಟ್ ತೆರೆ, ಲ್ಯಾಬ್ ರಿಪೋರ್ಟ್ ನೋಡು, ಮೊಬೈಲ್‌ನಲ್ಲಿ ಇಂಟರ್‌ಆ್ಯಕ್ಷನ್ (ಒಂದು ಔಷಧ ಇನ್ನೊಂದರ ಮೇಲೆ ಮಾಡುವ ಪರಿಣಾಮ) ಹುಡುಕು: ಇಷ್ಟು ಕೈಗೆ ಹತ್ತಿರುತ್ತದೆ. ವೃದ್ಧಾಶ್ರಮದಲ್ಲಿ ಬಹಳ ಸಲ ಕೇಸ್ ಶೀಟೇ ಇರುವುದಿಲ್ಲ. ಇರುವುದು ಒಂದು ಪ್ಲಾಸ್ಟಿಕ್ ಡಬ್ಬಿ, ಬೇರೆ ಬೇರೆ ಡಾಕ್ಟರುಗಳ ಚೀಟಿಗಳು, ಅರ್ಧ ಖಾಲಿಯಾದ ಸ್ಟ್ರಿಪ್‌ಗಳು. ಆದ್ದರಿಂದ ನಮ್ಮ ತರಬೇತಿ ಡಬ್ಬಿಯಿಂದಲೇ ಶುರು. ಇಂಟರ್‌ಆ್ಯಕ್ಷನ್ ಆ್ಯಪ್ ಮೊದಲ ಮೂರು ದಿನ ಬಂದ್.

ಒಬ್ಬ ವಿದ್ಯಾರ್ಥಿಗೆ ನಾಲ್ಕೇ ನಿವಾಸಿಗಳು. ಹೆಚ್ಚು ಕೊಟ್ಟರೆ ಫಾರಂ ತುಂಬುವ ಕೆಲಸವಾಗುತ್ತದೆ. ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಪ್ರತಿ ಸ್ಟ್ರಿಪ್‌ನ ಮೂಲ ಔಷಧದ ಹೆಸರು, ಮಿಲಿಗ್ರಾಂ, ಎಕ್ಸ್‌ಪೈರಿ, ಉಳಿದ ಮಾತ್ರೆಗಳ ಎಣಿಕೆ ಬರೆಯಬೇಕು. ಬ್ರಾಂಡ್ ಹೆಸರು ಪಕ್ಕದ ಕಾಲಂನಲ್ಲಿ. ಹೀಗೆ ಬರೆದಾಗಲೇ ಜನೌಷಧಿ ಕೇಂದ್ರದಿಂದ ಮಗ ತಂದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಮತ್ತು ಆಸ್ಪತ್ರೆಯಲ್ಲಿ ಬರೆದುಕೊಟ್ಟ ಬ್ರಾಂಡ್ ಎರಡೂ ಒಂದೇ ಎಂದು ಕಣ್ಣಿಗೆ ಬೀಳುವುದು. ನೆಗಡಿ ಮಾತ್ರೆಯೊಳಗಿನ ಪ್ಯಾರಸಿಟಮಾಲ್ ಕೂಡ ಹೀಗೇ ಸಿಕ್ಕಿಬೀಳುತ್ತದೆ.

ಸ್ಟ್ರಿಪ್ ಕತ್ತರಿಸುವ ಅಭ್ಯಾಸವನ್ನೂ ಇಲ್ಲೇ ನೋಡಿಕೊಳ್ಳಬೇಕು. ಎಕ್ಸ್‌ಪೈರಿ ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತದೆ. ಆ ತುದಿಯಿಂದ ಕತ್ತರಿಸಿದರೆ ಉಳಿದದ್ದು ಅನಾಮಧೇಯ. ಒಂದೊಂದೇ ಗುಳಿಗೆಯಾಗಿ ಕತ್ತರಿಸಿ ಲೋಟದ ಪಕ್ಕ ಇಡುವುದು ಇನ್ನೂ ಅಪಾಯ: ಕಣ್ಣು ಮಂಜಾದವರು ಫಾಯಿಲ್ ಸಮೇತ ನುಂಗಿಬಿಟ್ಟರೆ ಅದರ ಚೂಪು ಅಂಚು ಅನ್ನನಾಳ, ಕರುಳನ್ನು ಗೀರುತ್ತದೆ. ಹಾಗೆಂದು ಎಲ್ಲವನ್ನೂ ಬಿಡಿಸಿ ವಾರದ ಡಬ್ಬಿಗೆ ತುಂಬುವಂತೆಯೂ ಇಲ್ಲ. ಟೆಲ್ಮಿಸಾರ್ಟನ್ ತೇವ ಹೀರುತ್ತದೆ, ಮಳೆಗಾಲದಲ್ಲಂತೂ ಬೇಗ ಮೆತ್ತಗಾಗುತ್ತದೆ. ಅದು ಸ್ಟ್ರಿಪ್‌ನಲ್ಲೇ ಇರಲಿ, ಕೊಡುವಾಗ ಬಿಡಿಸಿ.

ಎರಡನೇ ದಿನ ಮಾತ್ರೆ ಕೊಡುವ ಹೊತ್ತಿಗೆ ಸಿಬ್ಬಂದಿಯ ಹಿಂದೆ ಸುಮ್ಮನೆ ನಡೆಯುವುದು. ಬಾಯಿ ಹಾಕುವಂತಿಲ್ಲ, ನೋಟ್‌ಬುಕ್ ಮಾತ್ರ. ಥೈರಾಯ್ಡ್ ಮಾತ್ರೆಯನ್ನು ಕಾಫಿ ಜೊತೆ ಕೊಟ್ಟರೇ? ಅದಕ್ಕೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇದೆಯೇ? ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ನುಂಗಿದವರು ಅರ್ಧ ಗಂಟೆ ನೆಟ್ಟಗೆ ಕೂತರೇ, ಮತ್ತೆ ಮಲಗಿದರೇ? ಏಕಾದಶಿಯ ದಿನ ಊಟ ಬಿಟ್ಟ ಅಜ್ಜಿಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರ ತಪ್ಪದೆ ಹೋಗುತ್ತದೆ. ಸಕ್ಕರೆ ಕುಸಿಯುವ ಕಾರಣ ಯಾವ ಲ್ಯಾಬ್ ರಿಪೋರ್ಟಿನಲ್ಲೂ ಸಿಗುವುದಿಲ್ಲ, ಪಂಚಾಂಗದಲ್ಲಿ ಸಿಗುತ್ತದೆ.

ನುಂಗಲಾಗದವರಿಗೆ ಮಾತ್ರೆ ಅರೆದು ಮೊಸರನ್ನದಲ್ಲಿ ಕಲಸುವುದು ಎಲ್ಲೆಡೆ ಇದೆ. ಗ್ಯಾಸ್-ಆಮ್ಲದ ಮಾತ್ರೆ ಪ್ಯಾಂಟೊಪ್ರಜೋಲ್ ಅರೆದರೆ ಹೊರಪದರ ಹೋಗಿ ಹೊಟ್ಟೆಯ ಆಮ್ಲಕ್ಕೇ ಹಾಳಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗಬೇಕಾದ ಬಿಪಿ ಮಾತ್ರೆ ಮೆಟೊಪ್ರೊಲಾಲ್ ಎಕ್ಸ್‌ಎಲ್ ಅರೆದರೆ ಇಡೀ ದಿನದ್ದು ಒಟ್ಟಿಗೇ ರಕ್ತಕ್ಕೆ ಸೇರಿ ನಾಡಿ, ಬಿಪಿ ಎರಡೂ ಇಳಿಯುತ್ತವೆ. ಎಸ್‌ಆರ್, ಎಕ್ಸ್‌ಆರ್, ಸಿಆರ್, ಎಕ್ಸ್‌ಎಲ್ ಎಂದಿರುವ ಇಂಥ ನಿಧಾನ ಬಿಡುಗಡೆಯ ಮಾತ್ರೆಗಳನ್ನು ಅರೆಯಬೇಡಿ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಔಷಧದ ಕಪಾಟಿಗೆ ಅಂಟಿಸುವುದು ವಿದ್ಯಾರ್ಥಿಯ ಕೆಲಸ. ಬೇಡ ಎಂದಷ್ಟೇ ಬರೆದರೆ ಯಾರೂ ಕೇಳುವುದಿಲ್ಲ, ಬದಲಿಗೆ ಏನು ಎಂದು ಡಾಕ್ಟರನ್ನು ಕೇಳಿ ಪಕ್ಕದಲ್ಲೇ ಬರೆಸಬೇಕು. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆ) ಇದ್ದರೆ ಒಂದೊಂದು ಔಷಧ ಬೇರೆಬೇರೆಯಾಗಿ, ನಡುನಡುವೆ 15 ಎಂ.ಎಲ್‌ನಷ್ಟು ನೀರು, ಎಲ್ಲ ಒಟ್ಟಿಗೆ ಕಲಸಿದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ.

ಇನ್ಸುಲಿನ್‌ಗೆ ಒಂದಿಡೀ ಬೆಳಿಗ್ಗೆ ಮೀಸಲು. ನಮ್ಮಲ್ಲಿ ಸಿಗುವ ಸಣ್ಣ ಸೀಸೆಯಲ್ಲಿ, ಅಂದರೆ ವಯಲ್‌ನಲ್ಲಿ, ಸಾಮಾನ್ಯವಾಗಿ ಒಂದು ಎಂ.ಎಲ್‌ಗೆ 40 ಯೂನಿಟ್, ಪೆನ್ ಕಾರ್ಟ್ರಿಡ್ಜ್‌ನಲ್ಲಿ 100. ಸಿರಿಂಜೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 8 ಯೂನಿಟ್. ಪೆನ್ ಕೆಟ್ಟಿತೆಂದು ಕಾರ್ಟ್ರಿಡ್ಜ್‌ಗೇ ಕೆಂಪು ಸಿರಿಂಜ್ ಚುಚ್ಚಿ 20ರವರೆಗೆ ಎಳೆದರೆ 50 ಯೂನಿಟ್. ಎರಡೂ ಸಿರಿಂಜ್‌ಗಳಿಗೆ ನೀರು ಎಳೆಸಿ, ಪಕ್ಕಪಕ್ಕ ಹಿಡಿಸಿ ತೋರಿಸುತ್ತೇವೆ. ಪುಸ್ತಕದಲ್ಲಿ ಓದಿದವರಿಗೂ ಆಗಲೇ ನಿಜವಾಗಿ ಭಯವಾಗುವುದು. 30/70 ಮಿಶ್ರಣದ ವಯಲನ್ನು ಕುಲುಕದೆ ಅಂಗೈಗಳ ನಡುವೆ ಹೊರಳಿಸಬೇಕು, ತೆರೆದ ದಿನಾಂಕವನ್ನು ವಯಲ್ ಮೇಲೇ ಬರೆಯಬೇಕು.

ಇನ್ನು ಮೂತ್ರಪಿಂಡ. ಕ್ರಿಯೇಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ರಕ್ತದಲ್ಲಿ 1.0 ಎಂದ ಕೂಡಲೇ ನಾರ್ಮಲ್ ಎಂದು ಮುಂದೆ ಹೋಗುವುದು ಎಲ್ಲರ ಚಾಳಿ. 82 ವರ್ಷದ, 45 ಕೆ.ಜಿ. ತೂಗುವ ಮಹಿಳೆಗೆ ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಎಂ.ಎಲ್ ಸೋಸುತ್ತದೆ ಎಂದು ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ ನೋಡಿ: 140ರಿಂದ 82 ಕಳೆದರೆ 58, ಅದನ್ನು 45ರಿಂದ ಗುಣಿಸಿ 72ರಿಂದ ಭಾಗಿಸಿ, ಮಹಿಳೆಯಾದ್ದರಿಂದ 0.85ರಿಂದ ಗುಣಿಸಿದರೆ ಸುಮಾರು 31. ಕಾಲುರಿಗೆ ಕೊಡುವ ಪ್ರೆಗಾಬಾಲಿನ್ ಡೋಸ್ ಇಲ್ಲಿ ಅರ್ಧಕ್ಕೆ ಇಳಿಯಬೇಕು. ತೂಕ ಮಾತ್ರ ಕೇಳಿ ಬರೆಯಬೇಡಿ, ತೂಗಿ ಬರೆಯಿರಿ. ನಿಲ್ಲಲಾರದವರನ್ನು ವೀಲ್‌ಚೇರ್ ಸಮೇತ ತೂಗಿ ಕುರ್ಚಿಯ ತೂಕ ಕಳೆದರಾಯಿತು.

ವಯಸ್ಸಾದವರಿಗೆ ಆದಷ್ಟು ಬೇಡವಾದ ಔಷಧಗಳ ಬಿಯರ್ಸ್ ಪಟ್ಟಿ 1991ರಲ್ಲಿ ಹುಟ್ಟಿದ್ದೇ ನರ್ಸಿಂಗ್ ಹೋಂ ನಿವಾಸಿಗಳಿಗಾಗಿ. 2023ರ ಆವೃತ್ತಿ ನಮ್ಮ ಕೈಯಲ್ಲಿರುತ್ತದೆ. ಆದರೆ ನಮ್ಮಲ್ಲಿ ಕಾಡುವ ಲೆವೊಸಲ್ಪಿರೈಡ್‌ಗೆ ಪಟ್ಟಿಗಿಂತ ಕಣ್ಣೇ ಬೇಕು. ಗ್ಯಾಸ್‌ಗೆಂದು ರಬೆಪ್ರಜೋಲ್ 20, ಲೆವೊಸಲ್ಪಿರೈಡ್ 75 ಸೇರಿದ ಕ್ಯಾಪ್ಸೂಲ್ ಶುರು. ಕೆಲ ತಿಂಗಳಿಗೆ ಕೈ ನಡುಕ, ಕಾಲೆಳೆದು ನಡೆಯುವುದು. ಅದನ್ನು ಪಾರ್ಕಿನ್ಸನ್ ಎಂದು ತಿಳಿದು ಟ್ರೈಹೆಕ್ಸಿಫೆನಿಡಿಲ್. ಅದರಿಂದ ಮಲಬದ್ಧತೆ, ಮರೆವು. ಮತ್ತೆ ಅವಕ್ಕೆರಡು ಔಷಧ. ಇದನ್ನು ಹಿಡಿಯಲು ಒಂದೇ ದಾರಿ: ಹಳೆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಪ್ರತಿ ಔಷಧದ ಎದುರು ತೊಂದರೆ ಶುರುವಾದ ತಿಂಗಳು ಬರೆಯುವುದು. ಬಿಪಿಗೆ ಅಮ್ಲೋಡಿಪಿನ್, ಅದರಿಂದ ಕಾಲು ಬಾವು, ಬಾವಿಗೆ ನೀರಿಳಿಸುವ ಫ್ಯೂರೊಸೆಮೈಡ್ ಎಂಬ ಸರಪಳಿಯೂ ಹೀಗೇ ಬಿಚ್ಚಿಕೊಳ್ಳುತ್ತದೆ.

ಮಾತಿನ ಧಾಟಿ ಕಲಿಸುವುದೂ ಇದೆ. “ಮಾತ್ರೆ ತಗೊಂಡ್ರಾ?” ಎಂದರೆ “ಹೂಂ” ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. “ಯಾವ ಮಾತ್ರೆ ನುಂಗೋಕೆ ಕಷ್ಟ ಆಗುತ್ತಮ್ಮ?” ಎಂದರೆ ದಿಂಬಿನಡಿ ಕೂಡಿಟ್ಟದ್ದೂ ಹೊರಬರುತ್ತದೆ. ಬಿದ್ದವರಿಗೆ, ತಲೆಸುತ್ತು ಎನ್ನುವವರಿಗೆ ಐದು ನಿಮಿಷ ಮಲಗಿಸಿ ಬಿಪಿ, ಮತ್ತೆ ನಿಂತ 1 ಮತ್ತು 3ನೇ ನಿಮಿಷಕ್ಕೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬಿಪಿ ಮತ್ತು ಪ್ರಾಸ್ಟೇಟ್ ಮಾತ್ರೆಗಳ ಸಮಯ ನೋಡಿ. ನಿಲ್ಲಿಸುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಡಾಕ್ಟರಿಗೆ ಹೋಗುವ ಟಿಪ್ಪಣಿ ಅರ್ಧ ಪುಟ ಮೀರಬಾರದು, ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಬೇಕು. ಹತ್ತು ಸಲಹೆ ಬರೆದ ಕಾಗದ ಫೈಲಿಗೆ ಹೋಗುತ್ತದೆ ಅಷ್ಟೇ. ಎರಡು ಔಷಧ ಒಟ್ಟಿಗೆ ನಿಲ್ಲಿಸಿದರೆ, ಆಮೇಲೆ ಆದ ಏರುಪೇರು ಯಾವುದರಿಂದ ಎಂದೂ ತಿಳಿಯದು. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆ-ಆತಂಕದ ಮಾತ್ರೆ ಆಲ್ಪ್ರಜೋಲಾಮ್ ಥಟ್ಟನೆ ನಿಲ್ಲಿಸಿ ಎಂದು ಬರೆದವರಿಗೆ ಅಂಕವಿಲ್ಲ. ಎರಡು ವಾರಕ್ಕೊಮ್ಮೆ ಕಾಲು ಭಾಗದಷ್ಟು ಇಳಿಸುವ ವೇಳಾಪಟ್ಟಿ, ನಿದ್ದೆ ಕೆಟ್ಟರೆ ಏನು ಮಾಡಬೇಕು ಎಂಬುದು ಜೊತೆಗಿರಬೇಕು. ಬದಲಾವಣೆ ಮಾಡುವುದು ಡಾಕ್ಟರೇ, ವಿದ್ಯಾರ್ಥಿ ಡಬ್ಬಿಯಿಂದ ಒಂದು ಮಾತ್ರೆಯನ್ನೂ ತೆಗೆಯುವಂತಿಲ್ಲ. ನಿವಾಸಿಯ ಹೆಸರಿರುವ ಚೀಟಿಯ ಫೋಟೊ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಪೋಸ್ಟಿಂಗ್ ಅಲ್ಲಿಗೇ ಮುಕ್ತಾಯ.

ಹುಡುಗರ ಬ್ಯಾಚ್ ಬದಲಾದರೂ ನಿವಾಸಿ ಅಲ್ಲೇ ಇರುತ್ತಾರೆ. ಹೊರಡುವ ವಿದ್ಯಾರ್ಥಿ ಮುಂದಿನವರನ್ನು ಡಬ್ಬಿಯ ಎದುರೇ ಕೂರಿಸಿಕೊಂಡು, ಏನು ನಿಲ್ಲಿಸಿದೆ, ಯಾವ ತಾರೀಕಿಗೆ ಏನನ್ನು ಅಳೆಯಬೇಕು, ಡಾಕ್ಟರು ಯಾವುದಕ್ಕೆ ಒಪ್ಪಲಿಲ್ಲ, ಏಕೆ ಎಂಬುದನ್ನು ಹೇಳಿ ಇಬ್ಬರೂ ಸಹಿ ಮಾಡಿದ ಮೇಲೆಯೇ ನಾವು ಲಾಗ್‌ಬುಕ್‌ಗೆ ಸಹಿ ಹಾಕುವುದು.