ಕಾರವಾರದಲ್ಲಿ ಕಡಲಂಚಿನ ನಡಿಗೆ: ಮೊದಲು ಇಳಿತ ನೋಡಿ, ಆಮೇಲೆ ಹೊರಡಿ

ಕಾರವಾರಕ್ಕೆ ಬಂದವರಲ್ಲಿ ಹೆಚ್ಚಿನವರು ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ, ಯುದ್ಧನೌಕೆ ನೋಡಿ, ಅರ್ಧ ಗಂಟೆ ಮರಳಲ್ಲಿ ಓಡಾಡಿ ಗೋವಾ ಕಡೆ ಹೊರಟುಬಿಡುತ್ತಾರೆ. ನಡೆಯಲೆಂದೇ ಬರುವವರು ಮೊದಲು ಭರತ–ಇಳಿತದ, ಅಂದರೆ ಕಡಲ ನೀರು ಏರುವ–ಇಳಿಯುವ, ವೇಳೆ ನೋಡಿಕೊಳ್ಳಬೇಕು. ಇಳಿತದಲ್ಲಿ ನೀರಂಚಿನ ಮರಳು ಒದ್ದೆಯಾಗಿ ಗಟ್ಟಿ ಕೂತಿರುತ್ತದೆ. ಭರತದಲ್ಲಿ ಮೇಲಿನ ಸಡಿಲ ಮರಳೇ ಗತಿ, ಒಂದು ಕಿಲೋಮೀಟರಿಗೇ ಮೀನಖಂಡ ಹಿಡಿಯುತ್ತದೆ.

ಪಂಚಾಂಗ ನೋಡಿಯೇ ಅಂದಾಜು ಮಾಡಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಮಧ್ಯಾಹ್ನದ ಸುಮಾರಿಗೆ ಏರಿ, ಸಂಜೆ ಇಳಿದಿರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಅಷ್ಟಮಿಯ ಹೊತ್ತಿಗೆ ಎಲ್ಲ ತಲೆಕೆಳಗು. ನಿಖರ ವೇಳೆಗೆ ಮೊಬೈಲಿನಲ್ಲಿ ಕಾರವಾರದ ಪಟ್ಟಿ ತೆರೆದು ನೋಡಿ.

ಊರಿನ ಮುಖ್ಯ ನಡಿಗೆ ಕೋಡಿಬಾಗದಿಂದ ಬೈತಖೋಲ ಬಂದರಿನ ಕಡೆಗೆ, ರವೀಂದ್ರನಾಥ ಟಾಗೋರ್ ಕಡಲತೀರದ ಉದ್ದಕ್ಕೂ. ನವೆಂಬರಿನಿಂದ ಮೇ ತನಕ ಮಧ್ಯಾಹ್ನದ ಮೇಲೆ ಗಾಳಿ ವಾಯವ್ಯದಿಂದ ಬೀಸುವುದು ಹೆಚ್ಚು. ಅದಕ್ಕೇ ಉತ್ತರದ ಕೋಡಿಬಾಗದಿಂದ ಹೊರಟರೆ ಗಾಳಿ ಬೆನ್ನಿಗೆ, ತಿರುಗಿಸಿ ನಡೆದರೆ ಮರಳು ಕಣ್ಣಿಗೆ. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲು ಹೊರಡಿ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ದಾರಿಯಲ್ಲಿ ಊರಿನ ನಾಲೆ ಕಡಲಿಗೆ ಸೇರುವ ಕಡೆ ಚಪ್ಪಲಿ ಕಳಚಿ ದಾಟುವ ಮನಸ್ಸಾಗುತ್ತದೆ, ಬೇಡ. ಅದು ಚರಂಡಿ ನೀರು; ಮೇಲೆ ರಸ್ತೆಗೆ ಹತ್ತಿ ಸುತ್ತಿ ಬನ್ನಿ. ಕಾಳಿ ನದಿಯ ಅಳಿವೆಯಲ್ಲಂತೂ ಈಜಲೇಬಾರದು. ಇಳಿತದಲ್ಲಿ ನದಿಯ ನೀರು ಹೊರಗೆಳೆಯುತ್ತದೆ, ಮರಳ ದಿಬ್ಬಗಳು ಜಾಗ ಬದಲಿಸುತ್ತವೆ, ನಿನ್ನೆ ಮೊಣಕಾಲುದ್ದ ಇದ್ದಲ್ಲಿ ಇವತ್ತು ಆಳ.

‘ಚಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯಕ್ಕೆ ನಡಿಗೆಗಿಂತ ಮೊದಲೇ ಹೋಗಿ. ಒಳಗೆ ಕಡಿದಾದ ಕಬ್ಬಿಣದ ಮೆಟ್ಟಿಲು, ಇಕ್ಕಟ್ಟು. ಮರಳು ಮೆತ್ತಿದ ಒದ್ದೆ ಚಪ್ಪಲಿ ಜಾರುತ್ತದೆ. ಪಕ್ಕದಲ್ಲೇ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವಿದೆ. ರಾಕ್ ಗಾರ್ಡನ್ ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಆ ಹೊತ್ತನ್ನು ಕಡಲಿಗೇ ಕೊಡಿ.

ನಮ್ಮ ಲೆಕ್ಕದಲ್ಲಿ ಇಲ್ಲಿನ ಅತ್ಯುತ್ತಮ ನಡಿಗೆ ಊರೊಳಗಿಲ್ಲ, ಕಾಳಿ ನದಿಯಾಚೆಯ ಮಾಜಾಳಿಯಿಂದ ಕಪ್ಪು ಮರಳಿನ ತೀಳಮಾತಿ ತೀರಕ್ಕೆ ಹೋಗುವ ದಾರಿ ಅದು. ಇಳಿತಕ್ಕೆ ಎರಡು ಗಂಟೆ ಮೊದಲು ಮಾಜಾಳಿ ಬಿಡಿ. ಹೀಗೆ ಮಾಡಿದರೆ ಹೋಗುವಾಗಲೂ ಬರುವಾಗಲೂ ನೀರು ಬಂಡೆಗಳಿಂದ ದೂರ ಇರುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಹಿಡಿತವಿರುವ ರಬ್ಬರ್ ತಳದ ಬೂಟು, ತಲೆಗೊಂದು ಲೀಟರ್ ನೀರು ಇರಲಿ. ಕಪ್ಪು ಮರಳು ಬಿಸಿಲನ್ನು ಹೀರಿ ನಡುಹಗಲಲ್ಲಿ ಅಂಗಾಲು ಸುಡುತ್ತದೆ, ಆದ್ದರಿಂದ ಬೆಳಗಿನ ಇಳಿತವೇ ಮೇಲು. ಮಳೆಗಾಲದಲ್ಲಿ ಈ ದಾರಿ ಬಿಟ್ಟುಬಿಡಿ.

ಕಾಳಿಯ ಆಚೆಗೆ, ಸದಾಶಿವಗಡ ಮಾಜಾಳಿ ಕಡೆಗೆ, ಬಸ್ಸು ಅಥವಾ ಆಟೊ ಹಿಡಿಯಿರಿ. ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದೆ. ಉಳಿದ ಹೊಸ ಸೇತುವೆಯಲ್ಲಿ ಹೆದ್ದಾರಿ ಲಾರಿಗಳ ಪಕ್ಕದಲ್ಲಿ ಕಾಲ್ನಡಿಗೆ ಹಿತವಲ್ಲ. ದಕ್ಷಿಣಕ್ಕೆ ಅರಗಾ ಕಡೆ ನೌಕಾನೆಲೆ ಇರುವುದರಿಂದ ಕ್ಯಾಮೆರಾ, ಡ್ರೋನ್ ಚೀಲದೊಳಗಿರಲಿ.

ಮೇ ತಿಂಗಳಿನಿಂದ ಮಳೆ ಹಿಡಿಯುವ ತನಕ ಕೆಲವೊಮ್ಮೆ ಕಡಲಿಗೆ ಸೋರಿದ ಎಣ್ಣೆ ಗಟ್ಟಿಯಾಗಿ ಡಾಂಬರಿನಂಥ ಉಂಡೆಗಳು ತೀರಕ್ಕೆ ಬರುತ್ತವೆ. ಕಾಲಿಗೆ ಮೆತ್ತಿದರೆ ನೀರು ಹಾಕಿ ಉಜ್ಜಬೇಡಿ, ಇನ್ನಷ್ಟು ಹರಡುತ್ತದೆ. ತೆಂಗಿನೆಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು, ಹಳೆ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಾಕಿ.